ಹೆಸರಿಟ್ಟವರು ಯಾರು, ಹೆಸರು ಹಿಡಿದು ಕರೆದವರು ಯಾರು? ವಲಸೆ ಹೋದ ಹೆಣ್ಣಿನ ಕಥೆಗಳ ಓದು

ಶರಾವತಿ_ತೀರ

ಭಾರತಿ ಮುಖರ್ಜಿಯವರ ‘ಜಾಸ್ಮಿನ್’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಎಂ.ಎ. ತರಗತಿಯ ಪಠ್ಯವಾಗಿ. 1989ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ನಮಗೆ ಪಾಠ ಮಾಡಿದ ರೀತಿ ಹೀಗಿತ್ತು: ಪಂಜಾಬಿನ ಹಳ್ಳಿಯ ಹುಡುಗಿಯೊಬ್ಬಳು ಸಂಪ್ರದಾಯದ ಕಟ್ಟುಗಳನ್ನು ಒಂದೊಂದಾಗಿ ಕಳಚಿಕೊಂಡು, ಅಮೆರಿಕದಲ್ಲಿ ಸ್ವತಂತ್ರಳಾಗುತ್ತಾಳೆ. ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದೆ. ಹದಿನೆಂಟು ವರ್ಷಗಳ ಮೇಲೆ ಹೋದ ತಿಂಗಳು ಅದನ್ನು ಮತ್ತೆ ಓದುವಾಗ, ಕೈಯಲ್ಲಿ ಪೆನ್ಸಿಲ್ ಹಿಡಿದು, ಅವಳ ಹೆಸರು ಬದಲಾಗುವ ಕಡೆಯಲ್ಲೆಲ್ಲ ಗೆರೆ ಎಳೆಯುತ್ತ ಹೋದೆ.

ಜ್ಯೋತಿ ಎಂದು ಹೆಸರಿಟ್ಟವಳು ಅಜ್ಜಿ. ಜಾಸ್ಮಿನ್ ಎಂದು ಬದಲಿಸಿದವನು ಗಂಡ ಪ್ರಕಾಶ್. ಅವನು ಸತ್ತ ಮೇಲೆ ಅವಳು ಅಮೆರಿಕಕ್ಕೆ ಹೋಗುತ್ತಾಳೆ. ಫ್ಲಾರಿಡಾದಲ್ಲಿ ಆಶ್ರಯ ಕೊಟ್ಟ ಲಿಲಿಯನ್ ಗಾರ್ಡನ್ ಎಂಬ ಹಿರಿಯ ಹೆಂಗಸಿಗೆ ಅವಳು ಜ್ಯಾಜಿ. ನ್ಯೂಯಾರ್ಕಿನಲ್ಲಿ ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮನೆಯ ಟೇಲರ್‌ಗೆ ಅವಳು ಜೇಸ್. ಆಮೇಲೆ ಜೊತೆಗೆ ಬಾಳುವ ಅಯೋವಾದ ಬ್ಯಾಂಕರ್ ಬಡ್‌ಗೆ ಅವಳು ಜೇನ್. ಗೆರೆ ಎಳೆದ ಪ್ರತಿ ಪುಟದಲ್ಲೂ ಹೆಸರು ಇನ್ನೊಬ್ಬರ ಬಾಯಿಂದಲೇ ಬರುತ್ತಿತ್ತು. ಇದನ್ನು ಬಿಡುಗಡೆಯ ಕಥೆ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ ಎಂದು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತೆ.

ಅದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಅವಳ ಮೊದಲ ಹೆಸರು ಅಳಿಸಿಹೋಗುವುದು ಅಮೆರಿಕದಲ್ಲಿ ಅಲ್ಲ, ಪಂಜಾಬಿನಲ್ಲಿ; ಮದುವೆಯಾದ ಕೂಡಲೇ; ಅದೂ ಹೆಂಡತಿ ಆಧುನಿಕಳಾಗಬೇಕೆಂದು ಮನಸಾರೆ ಬಯಸುವ ಒಳ್ಳೆಯ ಗಂಡನ ಕೈಯಲ್ಲಿ. ಕರಾವಳಿಯ ಮತ್ತು ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ವಧುವಿನ ಹೊಸ ಹೆಸರನ್ನು ಬರೆಸುವ ಪದ್ಧತಿ ಇದ್ದದ್ದು ನಿಮಗೆ ಗೊತ್ತಿರಬಹುದು. ನನ್ನ ಸೋದರತ್ತೆಗೆ ಹಾಗೆ ಎರಡು ಹೆಸರು. ಗಂಡನ ಮನೆಯಲ್ಲಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ. ತವರಿನ ಹೆಸರನ್ನು ಈಗ ಕರೆಯುವವರು ನನ್ನ ತಂದೆಯೊಬ್ಬರೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಮಾಡಿಕೊಂಡ ನಮ್ಮಲ್ಲಿ ಹೆಣ್ಣಿನ ಮೊದಲ ವಲಸೆಗೆ ಪಾಸ್‌ಪೋರ್ಟು ಬೇಕಾಗುವುದಿಲ್ಲ. ವಲಸೆ ಸಾಹಿತ್ಯದ ಚರ್ಚೆಗಳು ಕಥೆಯನ್ನು ವಿಮಾನ ನಿಲ್ದಾಣದಿಂದ ಆರಂಭಿಸುವುದರಿಂದಲೇ ಈ ಹೆಣ್ಣುಗಳ ಬದಲಾವಣೆಯನ್ನು ನಾವು ಸೀರೆಯಿಂದ ಜೀನ್ಸ್‌ಗೆ ಸಾಗುವ ದಾರಿಯೆಂದು ತಪ್ಪಾಗಿ ಓದುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಈ ಬಗೆಯ ಕೃತಿಗಳನ್ನು ಓದಿದವರು ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ. ಒಪ್ಪಲೇಬೇಕೆಂದಿಲ್ಲ.

ಸಾಧನಕೇರಿ

ಶರಾವತಿ_ತೀರ ಅವರೇ, ನಿಮ್ಮ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಮತ್ತು ಅದೇ ಬಹಳ ಮುಖ್ಯವಾದದ್ದು. ಅಮೆರಿಕದ ನೆಲಕ್ಕೆ ಕಾಲಿಟ್ಟ ದಿನವೇ ತನ್ನ ಮೇಲೆ ಅತ್ಯಾಚಾರ ಮಾಡಿದವನನ್ನು ಕೊಲ್ಲುವ ಮುನ್ನ ಅವಳು ತನ್ನ ನಾಲಿಗೆಯನ್ನು ತಾನೇ ಸೀಳಿಕೊಂಡು, ರಕ್ತ ಸುರಿಯುವ ಬಾಯಿ ತೆರೆದು ಅವನೆದುರು ಕಾಳಿಯಾಗಿ ನಿಲ್ಲುತ್ತಾಳೆ. ಆ ಹೆಸರನ್ನು ಅವಳಿಗೆ ಯಾರೂ ಕೊಡಲಿಲ್ಲ. ಉಳಿದ ಹೆಸರುಗಳನ್ನು ಇತರರು ಇಟ್ಟರೆಂಬುದು ನಿಜ, ಆದರೆ ಯಾವ ಮನೆಯಲ್ಲಿ ಎಷ್ಟು ದಿನ ಇರಬೇಕು, ಯಾವಾಗ ಹೊರಡಬೇಕು ಎಂಬುದನ್ನು ನಿರ್ಧರಿಸುವವಳು ಅವಳೇ. ಕೊನೆಯಲ್ಲಿ ಬಡ್‌ನ ಮಗುವನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಟೇಲರ್ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೊರಡುವವಳನ್ನು ಬೇರೆಯವರು ಬಂಡಿ ಹತ್ತಿಸಲಿಲ್ಲ.

ಲೇಖಕಿಯ ಬದುಕನ್ನೂ ಸ್ವಲ್ಪ ನೋಡಬೇಕು. ಮುಖರ್ಜಿಯವರು 1961ರಲ್ಲಿ ಬರವಣಿಗೆ ಕಲಿಯಲು ಅಯೋವಾಕ್ಕೆ ಹೋದವರು, ಆಮೇಲೆ ಬಹಳ ವರ್ಷ ಕೆನಡಾದಲ್ಲಿದ್ದು, ಅಲ್ಲಿ ಅನುಭವಿಸಿದ ಜನಾಂಗೀಯ ಅವಮಾನಗಳಿಂದ ಬೇಸತ್ತು 1980ರಲ್ಲಿ ಅಮೆರಿಕಕ್ಕೆ ಮರಳಿದವರು. ದೂರದಲ್ಲಿ ಕುಳಿತು ಊರನ್ನು ನೆನೆದು ಕೊರಗುವ ಪರವಾಸಿ ಬೇರೆ, ಹೊಸ ನೆಲವನ್ನು ತನ್ನದೆಂದು ಹಕ್ಕಿನಿಂದ ಹೇಳುವ ವಲಸಿಗ ಬೇರೆ ಎಂದು ಸ್ಪಷ್ಟವಾಗಿ ಗೆರೆ ಎಳೆದು, ಎರಡನೆಯದನ್ನು ಆರಿಸಿಕೊಂಡವರು. ಅವರ ಅಕ್ಕ ಮೀರಾ ಅದೇ ದೇಶದಲ್ಲಿ ದಶಕಗಳ ಕಾಲ ದುಡಿದರೂ ಪೌರತ್ವ ಪಡೆಯದೆ, ಕಾಯಂ ವಾಸಕ್ಕೆ ಅನುಮತಿ ಕೊಡುವ ಹಸಿರು ಕಾರ್ಡಿನಲ್ಲೇ ಉಳಿದರು. ಈ ಇಬ್ಬರು ಒಡಹುಟ್ಟಿದವರ ಭಿನ್ನ ಆಯ್ಕೆಗಳ ಬಗ್ಗೆ ಮುಖರ್ಜಿ 1996ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಹೀಗೆ ಬದುಕಿದವರು ಬರೆದ ಕಾದಂಬರಿಯಲ್ಲಿ ಹೆಸರು ಬದಲಾಗುವುದನ್ನು ಬರಿಯ ಕೈಬದಲಾವಣೆ ಎಂದು ಓದಿದರೆ ಆ ಹೆಣ್ಣಿನ ಹಸಿವಿಗೂ ಧೈರ್ಯಕ್ಕೂ ಅನ್ಯಾಯವಾಗುತ್ತದೆ.

ಹಿತ್ತಲ_ಮಲ್ಲಿಗೆ

ನಾನು ಸಾಹಿತ್ಯದ ವಿದ್ಯಾರ್ಥಿನಿಯಲ್ಲ. ಒಂಬತ್ತು ವರ್ಷ ಎಚ್-4 ವೀಸಾದಲ್ಲಿ ಅಮೆರಿಕದಲ್ಲಿದ್ದವಳು. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ ಅದು. ಅದರಲ್ಲಿರುವವರನ್ನು ಅವಲಂಬಿತರು ಎಂದೇ ಕರೆಯುತ್ತಾರೆ. 2015ರ ಮೇ ತಿಂಗಳವರೆಗೆ ಅವರು ದುಡಿಯುವಂತೆಯೇ ಇರಲಿಲ್ಲ. ಆಮೇಲೂ ಸಂಗಾತಿಯ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಅನುಮತಿ ಸಿಗುತ್ತಿತ್ತು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಎಂಜಿನಿಯರಾಗಿ ಸಂಬಳ ಎಣಿಸಿದ್ದ ನಾನು ಅಲ್ಲಿ ಬ್ಯಾಂಕಿನ ಖಾತೆ ತೆರೆಯಲು ಹೋದಾಗ ಉದ್ಯೋಗದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಂತದ್ದು ಇಂದಿಗೂ ನೆನಪಿದೆ.

ಆದ್ದರಿಂದ ಕಾಳಿಯಾಗುವ ಜಾಸ್ಮಿನ್ ನನಗೆ ದೂರದವಳು. ನನಗೆ ಹತ್ತಿರದವಳು ಝುಂಪಾ ಲಾಹಿರಿಯವರ ಕಥೆಯ ಮಿಸೆಸ್ ಸೇನ್. 1999ರಲ್ಲಿ ಬಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಸಂಕಲನದಲ್ಲಿದೆ ಆ ಕಥೆ. ಹನ್ನೊಂದು ವರ್ಷದ ಎಲಿಯಟ್ ಎಂಬ ಹುಡುಗನನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವ ಕೆಲಸ ಅವಳದು. ತನ್ನ ಪರಿಚಯ ಹೇಳಿಕೊಳ್ಳುವಾಗ ಅವಳು ಹೇಳುವುದು, ಮಿಸ್ಟರ್ ಸೇನ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಾರೆ ಎಂದು. ಕಥೆ ಮುಗಿದರೂ ಅವಳ ಸ್ವಂತ ಹೆಸರು ನಮಗೆ ತಿಳಿಯುವುದಿಲ್ಲ. ಹೆಸರಿನ ಪ್ರಶ್ನೆಯನ್ನೇ ಎತ್ತಿದ್ದೀರಿ, ಹಾಗಾಗಿ ಹೇಳುತ್ತೇನೆ: ಐದು ಹೆಸರು ಸಿಕ್ಕವಳ ಪಕ್ಕದಲ್ಲಿ ಒಂದೂ ಹೆಸರಿಲ್ಲದ ಇವಳನ್ನು ಕೂರಿಸಿ ನೋಡಿ.

ಅವಳು ಊರಿನಿಂದ ಒಂದು ಈಳಿಗೆ ತಂದಿರುತ್ತಾಳೆ. ಇಂಗ್ಲಿಷಿನಲ್ಲಿ ಲಾಹಿರಿಯವರು ಅದರ ಬಾಗಿದ ಅಲಗು, ಮರದ ಹಲಗೆ, ಅದರ ಮುಂದೆ ಕೂರುವ ಭಂಗಿ ಎಲ್ಲವನ್ನೂ ಹಲವು ವಾಕ್ಯಗಳಲ್ಲಿ ವಿವರಿಸಬೇಕಾಗುತ್ತದೆ. ಆ ಸಾಲುಗಳನ್ನು ಓದುವಾಗ ನನಗೆ ನಮ್ಮಜ್ಜಿಯ ಮನೆಯ ಅಡುಗೆಮನೆಯೇ ಕಣ್ಣೆದುರು ಬಂತು. ಕಲ್ಕತ್ತೆಯಲ್ಲಿ ಮದುವೆಯಿದ್ದರೆ ನೆರೆಹೊರೆಯ ಹೆಂಗಸರೆಲ್ಲ ತಂತಮ್ಮ ಈಳಿಗೆ ಹಿಡಿದು ಬಂದು, ಮಾಳಿಗೆಯ ಮೇಲೆ ದುಂಡಗೆ ಕುಳಿತು, ಹರಟುತ್ತ ನಗುತ್ತ ರಾತ್ರಿಯಿಡೀ ತರಕಾರಿ ಹೆಚ್ಚುತ್ತಿದ್ದರೆಂದು ಅವಳು ಆ ಹುಡುಗನಿಗೆ ಹೇಳುತ್ತಾಳೆ. ಅದನ್ನು ಕೇಳಿಸಿಕೊಳ್ಳಲು ಆ ದೇಶದಲ್ಲಿ ಅವಳಿಗೆ ಸಿಕ್ಕವನು ಅವನೊಬ್ಬನೇ. ಕಾರು ಓಡಿಸಲು ಅವಳಿಗೆ ಭಯ. ಕೊನೆಗೊಂದು ದಿನ ಮೀನಿಗಾಗಿ ಹುಡುಗನನ್ನು ಕೂರಿಸಿಕೊಂಡು ತಾನೇ ಓಡಿಸುತ್ತಾಳೆ, ಟೆಲಿಫೋನ್ ಕಂಬಕ್ಕೆ ಗುದ್ದುತ್ತಾಳೆ, ಇದ್ದ ಒಂದು ಕೆಲಸವೂ ಹೋಗುತ್ತದೆ. ವಿಮರ್ಶಕರು ಇವಳನ್ನು ಹೊಂದಿಕೊಳ್ಳಲಾರದೆ ಸೋತವಳು ಎನ್ನುತ್ತಾರೆ. ಯಾರೂ ನಗದ, ಯಾರೂ ಬಾಗಿಲು ತಟ್ಟದ ಊರಿನಲ್ಲಿ ದಿನವೂ ಈಳಿಗೆಯ ಮುಂದೆ ಕುಳಿತು ಎರಡೇ ಜನರಿಗೆ ಔತಣದಷ್ಟು ತರಕಾರಿ ಹೆಚ್ಚುವ ಛಲವನ್ನು ನಾನು ಸೋಲು ಎಂದು ಕರೆಯಲಾರೆ. ಅವಳ ಗುರುತು ಬದಲಾಗಲಿಲ್ಲ ಎಂಬ ಮಾತನ್ನೂ ಒಪ್ಪಲಾರೆ. ಭಯ ಮೀರಿ ಬೀಗದ ಕೈ ತಿರುಗಿಸಿದ ಆ ಮಧ್ಯಾಹ್ನ ಅವಳು ಮೊದಲಿನವಳಾಗಿ ಉಳಿದಿರಲಿಲ್ಲ.

ಅಕ್ಷರಪ್ರೀತಿ

ಅನುವಾದದ ಕೆಲಸ ಮಾಡುವವಳಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ. ಹೆಣ್ಣಿಗೆ ಹೆಸರಿಟ್ಟವರು ಯಾರು ಎಂದು ಕೇಳಿದ್ದೀರಿ. ಅವಳು ಯಾರನ್ನು ಹೆಸರು ಹಿಡಿದು ಕರೆಯಬಲ್ಲಳು ಎಂದೂ ಕೇಳಬೇಕು.

‘ಜಾಸ್ಮಿನ್’ನಲ್ಲೇ ನೋಡಿ. ತನ್ನನ್ನು ಹೆಸರು ಹಿಡಿದು ಕರೆಯಬೇಕೆಂದು ಪ್ರಕಾಶ್ ಹಟ ಹಿಡಿಯುತ್ತಾನೆ. ಅವಳಿಗೆ ನಾಲಿಗೆ ಹೊರಳುವುದಿಲ್ಲ. ಕೆಮ್ಮುತ್ತಾಳೆ, ಇಲ್ಲವೇ ಕೇಳಿಸಿತೇ ಎಂದು ಮಾತು ಶುರು ಮಾಡುತ್ತಾಳೆ. ಲಾಹಿರಿಯವರ 2003ರ ಕಾದಂಬರಿ ‘ದಿ ನೇಮ್‌ಸೇಕ್’ನಲ್ಲಿ ಅಶಿಮಾ ಕೂಡ ಹಾಗೆಯೇ. ಗಂಡ ಅಶೋಕನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿಸುತ್ತಿದೆಯೇ ಎಂಬ ಅರ್ಥದ ಪ್ರಶ್ನೆಯೇ ಹೆಸರಿನ ಜಾಗದಲ್ಲಿ ನಿಂತಿದೆ. ಇಂಗ್ಲಿಷ್ ಓದುಗರಿಗಾಗಿ ಲೇಖಕಿ ಇದನ್ನು ಬಿಡಿಸಿ ಹೇಳುತ್ತಾರೆ. ಆ ಭಾಗವನ್ನು ಓದುತ್ತ ನನ್ನ ಮನಸ್ಸಿನಲ್ಲೇ ಕನ್ನಡಕ್ಕೆ ತರಲು ನೋಡಿದೆ. ವಿವರಣೆಯೆಲ್ಲ ತಾನಾಗಿ ಕಳಚಿಬಿದ್ದು ‘ರೀ, ಕೇಳಿಸ್ತಾ?’ ಎಂಬ ಎರಡು ಮಾತು ಉಳಿಯಿತು. ನಮ್ಮ ತಾಯಂದಿರು ಆಯುಷ್ಯವಿಡೀ ‘ಇವರು’, ‘ನಮ್ಮನೆಯವರು’ ಎಂದೇ ಕಳೆದವರು.

ಇದೇ ಕಾರಣಕ್ಕೆ ಒಂದು ಆಕ್ಷೇಪವನ್ನೂ ಇಲ್ಲಿ ದಾಖಲಿಸಬೇಕು. ಮೋನಿಕಾ ಅಲಿಯವರ ‘ಬ್ರಿಕ್ ಲೇನ್’ ಕೂಡ 2003ರದೇ. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಬದುಕುವ ನಜ್ನೀನ್‌ಗೆ ಢಾಕಾದಲ್ಲಿರುವ ತಂಗಿ ಹಸೀನಾ ಪತ್ರ ಬರೆಯುತ್ತಾಳೆ. ಪತ್ರ ಬರೆಯುವುದು ಅಕ್ಕನಿಗೆ. ಅವಳಿಗೆ ಆಗ ಬರುವ ಇಂಗ್ಲಿಷು ಒಂದೆರಡು ಪದ. ಎಂದಮೇಲೆ ಪತ್ರದ ಭಾಷೆ ಬಂಗಾಳಿಯೇ ಆಗಿರಬೇಕು. ಆದರೆ ಕಾದಂಬರಿಯಲ್ಲಿ ಆ ಪತ್ರಗಳು ಮುರುಕು ಇಂಗ್ಲಿಷಿನಲ್ಲಿವೆ. ತನ್ನ ಭಾಷೆಯಲ್ಲಿ ಬರೆಯುವ ಹೆಣ್ಣು ತೊದಲುವುದೇಕೆ? ಶಾಲೆ ಕಾಣದವಳ ಬರವಣಿಗೆಯನ್ನು ಸೂಚಿಸಲು ಹೀಗೆ ಮಾಡಿರಬಹುದೆಂದು ಸಮಾಧಾನ ಹೇಳಿಕೊಂಡರೂ ನನಗೆ ಒಪ್ಪಿಗೆಯಾಗುವುದಿಲ್ಲ. ಅಕ್ಷರ ಬಾರದ ನಮ್ಮ ಹಳ್ಳಿಯ ಹೆಂಗಸರು ಬೀಸುವಾಗ ಕುಟ್ಟುವಾಗ ಕಟ್ಟಿದ ತ್ರಿಪದಿಗಳಲ್ಲಿ ಎಲ್ಲಿಯೂ ಲಯ ತಪ್ಪುವುದಿಲ್ಲ. ವಲಸೆ ಹೋದ ಹೆಣ್ಣಿನ ಗುರುತನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ಬಲಿಯಾಗುವುದು ಅವಳ ತಾಯ್ನುಡಿಯ ಜಾಣ್ಮೆ.

ಮರಳುಹಾದಿ

ಇಷ್ಟು ಹೊತ್ತು ನಾವು ಮಾತನಾಡಿದವರಲ್ಲಿ ಹೆಚ್ಚಿನವರು ಪ್ರಾಧ್ಯಾಪಕರ, ಎಂಜಿನಿಯರುಗಳ ಮಡದಿಯರು. ಓದು, ಕೌಶಲ ಇದ್ದವರಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದ ಮೇಲೆ ಅಮೆರಿಕಕ್ಕೆ ಹೋದ ಭಾರತೀಯರಲ್ಲಿ ಓದಿದವರೇ ಹೆಚ್ಚಾದ್ದರಿಂದ ಕಥೆಗಳೂ ಅವರದೇ ಆದವು. ಜಾಸ್ಮಿನ್ ಬಡ ಹುಡುಗಿಯೇನೋ ನಿಜ, ಆದರೆ ಅವಳನ್ನು ಬರೆದವರು ಕಲ್ಕತ್ತೆಯ ಸ್ಥಿತಿವಂತ ಬ್ರಾಹ್ಮಣ ಮನೆತನದವರು. ಹಸ್ನಾಪುರವೆಂಬ ಆ ಹಳ್ಳಿಯ ಚಿತ್ರದಲ್ಲಿ ದೂರದಿಂದ ನೋಡಿದ ಗುರುತು ಉಳಿದಿದೆ. ಕೂಲಿಯ ಲೆಕ್ಕ ಕಾಣುವ ಪುಸ್ತಕಗಳನ್ನೂ ಈ ಚರ್ಚೆಗೆ ತರಬೇಕೆಂದು ನನ್ನ ಕೋರಿಕೆ.

‘ಬ್ರಿಕ್ ಲೇನ್’ನ ಬಗ್ಗೆ ಅಕ್ಷರಪ್ರೀತಿ ಅವರ ಆಕ್ಷೇಪ ಸರಿ. ಆ ಕಾದಂಬರಿ ತಮ್ಮನ್ನು ಕೀಳಾಗಿ ಚಿತ್ರಿಸಿದೆಯೆಂದು ಅದೇ ಬಡಾವಣೆಯಲ್ಲಿದ್ದ ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರಲ್ಲಿ ಕೆಲವರು ಪ್ರತಿಭಟಿಸಿದ್ದೂ ಉಂಟು. ಆದರೂ ಅಲ್ಲಿ ಒಂದು ಹೊಲಿಗೆ ಯಂತ್ರವಿದೆ. ಮನೆಯಲ್ಲೇ ಕುಳಿತು ಜಿಪ್ಪು, ಅಂಚು ಹೊಲಿದು ನಜ್ನೀನ್ ಗಳಿಸುವ ಚಿಲ್ಲರೆ ಹಣದಿಂದಲೇ ಅವಳ ದನಿ ನಿಧಾನವಾಗಿ ಏರುತ್ತದೆ. ಗಂಡ ಚಾನು ಢಾಕಾಕ್ಕೆ ಮರಳುವಾಗ ಅವಳು ಹೆಣ್ಣುಮಕ್ಕಳೊಂದಿಗೆ ಲಂಡನ್ನಿನಲ್ಲೇ ಉಳಿಯುತ್ತಾಳೆ. ಪ್ರಿಯಕರ ಕರೀಂನನ್ನು ಮದುವೆಯಾಗಲೂ ಒಪ್ಪುವುದಿಲ್ಲ. ಒಬ್ಬ ಗಂಡಸಿನಿಂದ ಇನ್ನೊಬ್ಬನ ಕಡೆಗೆ ಹೋಗದೆ, ಗೆಳತಿ ರಜಿಯಾಳ ಜೊತೆ ಹೊಲಿಗೆಯ ಕೆಲಸಕ್ಕೆ ಹೋಗುತ್ತಾಳೆ. ಜಾಸ್ಮಿನ್ ಕಥೆಯ ಕೊನೆಗೂ ಇದಕ್ಕೂ ಇರುವ ಅಂತರವನ್ನು ಶರಾವತಿ_ತೀರ ಅವರು ಗಮನಿಸಬೇಕು.

ಈ ಪುಸ್ತಕಗಳೆಲ್ಲಕ್ಕಿಂತ ಮುಂಚೆ, ನೈಜೀರಿಯಾದಿಂದ ಲಂಡನ್ನಿಗೆ ಬಂದ ಬುಚಿ ಎಮೆಚೆಟಾ 1974ರಲ್ಲಿ ಪ್ರಕಟಿಸಿದ ‘ಸೆಕೆಂಡ್ ಕ್ಲಾಸ್ ಸಿಟಿಜನ್’ ಅನ್ನು ನೀವೆಲ್ಲ ಓದಬೇಕೆಂದು ಬೇಡಿಕೊಳ್ಳುತ್ತೇನೆ. ಆಡಾ ಎಂಬ ಹೆಣ್ಣು ಲಾಗೋಸಿನಲ್ಲಿ ತಾನೇ ದುಡಿದು ಗಂಡನ ಓದಿನ ಖರ್ಚು ಹೊತ್ತವಳು. ಲಂಡನ್ನಿನಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತ, ಹೆರಿಗೆಯ ಮೇಲೆ ಹೆರಿಗೆ ಕಾಣುತ್ತ, ಕಪ್ಪುಜನರಿಗೆ ಮನೆ ಬಾಡಿಗೆಗಿಲ್ಲವೆಂಬ ಫಲಕಗಳ ನಡುವೆ ಸೂರು ಹುಡುಕುತ್ತ, ಒಂದು ಕಾದಂಬರಿ ಬರೆಯುತ್ತಾಳೆ. ಗಂಡ ಫ್ರಾನ್ಸಿಸ್ ಆ ಹಸ್ತಪ್ರತಿಯನ್ನು ಸುಟ್ಟುಹಾಕುತ್ತಾನೆ. ಇದು ಲೇಖಕಿಯ ಬದುಕಿನಲ್ಲಿಯೇ ನಡೆದದ್ದು. ಸುಟ್ಟುಹೋದ ಆ ಪುಸ್ತಕವನ್ನು ಅವರು ಮತ್ತೆ ಬರೆದು 1976ರಲ್ಲಿ ‘ದಿ ಬ್ರೈಡ್ ಪ್ರೈಸ್’ ಎಂದು ಪ್ರಕಟಿಸಿದರು. ಇಪ್ಪತ್ತೆರಡನೆಯ ವಯಸ್ಸಿಗೆ ಐದು ಮಕ್ಕಳ ತಾಯಿಯಾಗಿ, ಗಂಡನನ್ನು ಬಿಟ್ಟು, ಸಮಾಜಶಾಸ್ತ್ರದ ಪದವಿ ಪಡೆದವರು ಅವರು.

ಈ ಕಾದಂಬರಿಯ ಕೊನೆಯ ಪುಟವೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ನ್ಯಾಯಾಲಯದಲ್ಲಿ ಫ್ರಾನ್ಸಿಸ್ ಮದುವೆಯೇ ಆಗಿಲ್ಲವೆನ್ನುತ್ತಾನೆ, ಮಕ್ಕಳೂ ಬೇಡವೆನ್ನುತ್ತಾನೆ. ಮಕ್ಕಳು ನನ್ನವು, ನಾನು ಸಾಕುತ್ತೇನೆ ಎಂದು ಹೇಳಿ ಹೊರಬಂದ ಆಡಾ ಬೀದಿಯಲ್ಲಿ ದಿಕ್ಕುಗೆಟ್ಟು ನಡೆಯುತ್ತಿರುವಾಗ, ಹಿಂದಿನಿಂದ ‘ನ್ನೆ ನ್ನಾ’ ಎಂಬ ಕೂಗು ಕೇಳುತ್ತದೆ. ತಂದೆಯ ತಾಯಿ ಎಂದು ಅದರ ಅರ್ಥ. ಊರಿನಲ್ಲಿ ಅವಳನ್ನು ಬಲ್ಲವರು ಕರೆಯುತ್ತಿದ್ದ ಇಬೋ ಭಾಷೆಯ ಮುದ್ದಿನ ಹೆಸರು ಅದು. ಕೂಗಿದವನು ಹಳೆಯ ಗೆಳೆಯ. ಅವನು ಟ್ಯಾಕ್ಸಿಗೆ ಹಣ ಕೊಟ್ಟು ಅವಳನ್ನು ಮನೆಗೆ ಕಳಿಸುತ್ತಾನೆ, ಅವಳಿನ್ನೂ ಗಂಡನ ಜೊತೆಯಲ್ಲಿದ್ದಾಳೆ ಎಂದು ತಿಳಿದು. ನಿಮ್ಮ ಸೋದರತ್ತೆಯ ತವರಿನ ಹೆಸರನ್ನು ಓದಿದ ಕೂಡಲೇ ನನಗೆ ಈ ಪುಟ ನೆನಪಾಯಿತು. ತವರು ಎಂಬ ಮಾತಿಗೆ ಸರಿಯಾದ ಪದ ಇಂಗ್ಲಿಷಿನಲ್ಲಿ ಇಲ್ಲ, ಆದರೂ ಎಮೆಚೆಟಾ ಅದನ್ನು ಲಂಡನ್ನಿನ ರಸ್ತೆಯ ಮೇಲೆ ಒಂದೇ ಕೂಗಿನಲ್ಲಿ ತಂದು ನಿಲ್ಲಿಸಿದ್ದಾರೆ.

ಶರಾವತಿ_ತೀರ

ಮರಳುಹಾದಿ ಅವರೇ, ನೀವು ಹೇಳಿದ ಪುಟವನ್ನು ಹುಡುಕಿ ಓದಿದೆ. ತಂದೆಗೆ ಫೋನ್ ಮಾಡಿ ಅತ್ತೆಯ ಹಳೆಯ ಹೆಸರನ್ನು ಅವರ ಬಾಯಲ್ಲಿ ಕೇಳಬೇಕೆನಿಸಿತು, ಮಾಡಿದೆ. ಸಾಧನಕೇರಿ ಅವರು ಕಾಳಿಯ ವಿಷಯದಲ್ಲಿ ತಿದ್ದಿದ್ದು ಸರಿಯಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಹೆಣ್ಣು ತನಗೆ ತಾನೇ ಇಟ್ಟುಕೊಳ್ಳುವ ಒಂದೇ ಹೆಸರು ಅತ್ಯಾಚಾರದ ರಾತ್ರಿಯಲ್ಲಿ, ನಾಲಿಗೆ ಸೀಳಿಕೊಂಡು ಹುಟ್ಟಬೇಕಾಯಿತು ಎಂಬುದು ಕಾದಂಬರಿಯ ಹೆಮ್ಮೆಯೋ ದುಃಖವೋ ಎಂದು ನನಗಿನ್ನೂ ತೀರ್ಮಾನಿಸಲಾಗುತ್ತಿಲ್ಲ.

ಹೊಸಓದು

ಹೆಸರಿನ ಮಾತು ಬಂದದ್ದರಿಂದ ಒಂದು ಸಣ್ಣ ಸೇರ್ಪಡೆ. ಚಿಮಮಾಂಡ ನ್ಗೋಜಿ ಅಡೀಚಿಯವರ 2009ರ ಸಂಕಲನದಲ್ಲಿ ಒಂದು ಕಥೆಯಿದೆ. ನೈಜೀರಿಯಾದಿಂದ ಮದುವೆಯಾಗಿ ಬಂದ ಚಿನಾಜಾಳನ್ನು ಅಮೆರಿಕದಲ್ಲಿರುವ ವೈದ್ಯ ಗಂಡ ಅಗಾಥಾ ಬೆಲ್ ಎಂದು ಮಾಡುತ್ತಾನೆ. ತನ್ನ ಹೆಸರನ್ನೂ ಅವನು ಮೊದಲೇ ಡೇವ್ ಎಂದು ಬದಲಿಸಿಕೊಂಡಿರುತ್ತಾನೆ. ಲಿಫ್ಟ್ ಅನ್ನಬೇಡ, ಎಲಿವೇಟರ್ ಅನ್ನು. ಬಿಸ್ಕತ್ತು ಅನ್ನಬೇಡ, ಕುಕೀಸ್ ಅನ್ನು ಎಂದು ಪದಪದಕ್ಕೂ ತಿದ್ದುತ್ತಾನೆ. ಊರಿನ ಅಡುಗೆಯ ವಾಸನೆ ನೆರೆಯವರಿಗೆ ಹೋಗಬಾರದೆಂದು ಅಮೆರಿಕದ ಅಡುಗೆಯ ಪುಸ್ತಕ ತಂದುಕೊಡುತ್ತಾನೆ. ಇಲ್ಲಿ ಸಂಪ್ರದಾಯವನ್ನು ಹೇರುವ ಗಂಡ ಇಲ್ಲ, ಆಧುನಿಕತೆಯನ್ನು ಹೇರುವ ಗಂಡ ಇದ್ದಾನೆ. ಪ್ರಕಾಶ್ ಪ್ರೀತಿಯಿಂದ ಮಾಡಿದ್ದನ್ನು ಇವನು ಭಯದಿಂದ ಮಾಡುತ್ತಾನೆ. ಹೆಂಡತಿಯ ಹೆಸರು ಮಾತ್ರ ಎರಡೂ ಕಡೆ ಹೋಗಿಬಿಡುತ್ತದೆ.

ಸಾಧನಕೇರಿ

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಹೆಣ್ಣು ಯಾರನ್ನು ಹೆಸರು ಹಿಡಿದು ಕರೆಯಬಲ್ಲಳು ಎಂಬ ಅಕ್ಷರಪ್ರೀತಿ ಅವರ ಪ್ರಶ್ನೆ ನನ್ನನ್ನು ಮುಖರ್ಜಿಯವರದೇ ಇನ್ನೊಂದು ಕಥೆಗೆ ಕರೆದೊಯ್ದಿತು. 1988ರ ‘ದಿ ಮಿಡ್ಲ್‌ಮನ್’ ಸಂಕಲನದ ಕೊನೆಯ ಕಥೆ, ‘ದಿ ಮ್ಯಾನೇಜ್‌ಮೆಂಟ್ ಆಫ್ ಗ್ರೀಫ್’. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬ್ ಸ್ಫೋಟಕ್ಕೆ ಸಿಕ್ಕು ಐರ್ಲೆಂಡಿನ ಬಳಿ ಸಮುದ್ರಕ್ಕೆ ಬಿದ್ದು 329 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕೆನಡಾದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಕುಟುಂಬದವರು. ಮುಖರ್ಜಿ ಮತ್ತು ಅವರ ಪತಿ ಕ್ಲಾರ್ಕ್ ಬ್ಲೇಸ್ ಈ ದುರಂತದ ಬಗ್ಗೆ 1987ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದರು. ಕಥೆಯ ನಿರೂಪಕಿ ಟೊರಾಂಟೊದ ಶೈಲಾ ಭಾವೆ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಆ ವಿಮಾನದಲ್ಲಿ ಕಳೆದುಕೊಂಡವಳು.

ಸುದ್ದಿ ಬಂದ ಹೊತ್ತಿನಲ್ಲಿ ಅವಳನ್ನು ಕೊರೆಯುವ ಸಂಗತಿ ಯಾವುದು ಗೊತ್ತೇ? ಗಂಡನಿಗೆ ಒಮ್ಮೆಯೂ ನಿಮ್ಮನ್ನು ಪ್ರೀತಿಸುತ್ತೇನೆ ಎಂದು ಹೇಳಲಿಲ್ಲವಲ್ಲ ಎಂಬುದು. ತಾನು ಎಷ್ಟು ಚೆನ್ನಾಗಿ ಬೆಳೆಸಲ್ಪಟ್ಟ ಹೆಣ್ಣೆಂದರೆ, ಗಂಡನನ್ನು ಹೆಸರು ಹಿಡಿದು ಕರೆಯಲೂ ಸಂಕೋಚವಾಗುತ್ತಿತ್ತು ಎಂದು ಅವಳು ಹೇಳಿಕೊಳ್ಳುತ್ತಾಳೆ. ಈ ಕಥೆಯನ್ನು ಹತ್ತಾರು ಬಾರಿ ಓದಿದವನು ನಾನು. ಆ ಮಾತಿನ ತೂಕ ನನಗೆ ಈ ಚರ್ಚೆಯ ಮುಂಚೆ ತಿಳಿದಿರಲಿಲ್ಲ. ಗಂಡಸಾದ ನನಗೆ ಅದು ಕಾಣಿಸಲೇ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಶೈಲಾ ಅಳುವುದಿಲ್ಲ. ಅದನ್ನು ಕಂಡ ಸರಕಾರಿ ಸಮಾಜಸೇವಕಿ ಅವಳನ್ನು ಗಟ್ಟಿ ಹೆಂಗಸೆಂದು ತಿಳಿದು, ಉಳಿದವರಿಗೆ ಸಮಾಧಾನ ಹೇಳಲು ಜೊತೆಗೆ ಕರೆದೊಯ್ಯುತ್ತಾಳೆ. ಒಂದು ಮನೆಯಲ್ಲಿ ಮಕ್ಕಳನ್ನು ಕಳೆದುಕೊಂಡ ವೃದ್ಧ ಸಿಖ್ ದಂಪತಿ ಇದ್ದಾರೆ. ಪರಿಹಾರದ ಕಾಗದಕ್ಕೆ ಸಹಿ ಹಾಕಿದರೆ ಮಕ್ಕಳು ಬದುಕಿಲ್ಲವೆಂದು ತಾವೇ ಒಪ್ಪಿದಂತೆ ಎಂದು ಅವರು ಸಹಿ ಹಾಕುವುದಿಲ್ಲ. ಆ ಸಮಾಜಸೇವಕಿಗೆ ಇದು ಹಟವೆಂದು ಕಾಣುತ್ತದೆ. ಶೈಲಾಗೆ ಅರ್ಥವಾಗುತ್ತದೆ. ಹಿಂದಿರುಗುವಾಗ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ, ಕಾರಣ ಹೇಳದೆ ಇಳಿದು, ಬಾಗಿಲು ಜೋರಾಗಿ ಹಾಕಿ ಹೊರಟುಹೋಗುತ್ತಾಳೆ. ಊರಿಗೆ ಬಂದು ವಿಧವೆಯಾಗಿ ಬಾಳುವ ದಾರಿಯೂ ಅವಳಿಗೆ ತೆರೆದಿತ್ತು. ಅವಳ ಗೆಳತಿ ಹರಿದ್ವಾರದ ಆಶ್ರಮ ಸೇರುತ್ತಾಳೆ. ಶೈಲಾ ಎರಡೂ ಕಡೆ ಸಲ್ಲದೆ, ಮನೆ ಮಾರಿ, ಟೊರಾಂಟೊದಲ್ಲೇ ಉಳಿದು, ಒಂದು ಮಧ್ಯಾಹ್ನ ಉದ್ಯಾನದಲ್ಲಿ ತನ್ನವರ ದನಿ ಕೊನೆಯ ಬಾರಿ ಕೇಳಿಸಿದ ಮೇಲೆ, ಕೈಯಲ್ಲಿದ್ದ ಪೊಟ್ಟಣವನ್ನು ಬೆಂಚಿನ ಮೇಲೆ ಇಟ್ಟು ನಡೆಯಲು ಆರಂಭಿಸುತ್ತಾಳೆ. ಎಲ್ಲಿಗೆಂದು ಅವಳಿಗೂ ಗೊತ್ತಿಲ್ಲ. ಅವಳಿಗೆ ಹೊಸ ಹೆಸರಿಲ್ಲ, ಹೊಸ ಗಂಡಸಿಲ್ಲ, ಉಡುಪು ಬದಲಾದ ಮಾತಿಲ್ಲ. ಮುಖರ್ಜಿಯವರು ಬರೆದ ಹೆಣ್ಣುಗಳಲ್ಲಿ ಆಳವಾಗಿ ಬದಲಾದವಳು ಇವಳೇ ಎಂದು ಈಗ ನನಗೆ ತೋರುತ್ತದೆ. ಜಾಸ್ಮಿನ್ ಪರವಾಗಿ ನಾನು ಹೂಡಿದ ವಾದವನ್ನು ಹಿಂದೆಗೆದುಕೊಳ್ಳುತ್ತಿಲ್ಲ. ಆದರೆ ಮೊದಲಿನಷ್ಟು ಗಟ್ಟಿಯಾಗಿ ಹಿಡಿದುಕೊಂಡಿಲ್ಲ.

ಅಕ್ಷರಪ್ರೀತಿ

ಸಾಧನಕೇರಿ ಅವರೇ, ‘ದಿ ನೇಮ್‌ಸೇಕ್’ನ ಅಶಿಮಾಳನ್ನೂ ಹೀಗೆಯೇ ನೋಡಬಹುದು. ಕಾದಂಬರಿ ಶುರುವಾಗುವ 1968ರಲ್ಲಿ ಅವಳು ತುಂಬು ಗರ್ಭಿಣಿ. ಅಮೆರಿಕದ ಕೇಂಬ್ರಿಜಿನ ಬಾಡಿಗೆ ಮನೆಯಲ್ಲಿ ಪೊಟ್ಟಣದಲ್ಲಿ ಬರುವ ಅಕ್ಕಿಯ ಉಪಾಹಾರ, ಕಡಲೆಕಾಯಿ, ಈರುಳ್ಳಿ ಕಲಸಿಕೊಂಡು ಕಲ್ಕತ್ತೆಯ ರಸ್ತೆಬದಿಯ ಮಂಡಕ್ಕಿಯ ರುಚಿ ಹುಡುಕುತ್ತಿರುತ್ತಾಳೆ. ಗಂಡ ಕ್ಲೀವ್‌ಲ್ಯಾಂಡಿನಲ್ಲಿ ತೀರಿಕೊಂಡ ದಿನ ಅವಳು ಅಡುಗೆಮನೆಯ ಮೇಜಿನಲ್ಲಿ ಕ್ರಿಸ್ಮಸ್ ಶುಭಾಶಯ ಪತ್ರಗಳಿಗೆ ವಿಳಾಸ ಬರೆಯುತ್ತಿರುತ್ತಾಳೆ. ಈ ಎರಡು ಅಡುಗೆಮನೆಗಳ ನಡುವೆ ಮೂರು ದಶಕಗಳು ಸರಿದಿವೆ, ಸೀರೆ ಮಾತ್ರ ಬದಲಾಗಿಲ್ಲ. ಗ್ರಂಥಾಲಯದ ಕೆಲಸ, ಅಲ್ಲಿನ ಗೆಳತಿಯರು, ಒಬ್ಬಳೇ ರಾತ್ರಿ ಕಳೆಯುವ ಅಭ್ಯಾಸ, ಇವು ಒಂದೊಂದಾಗಿ ಬಂದು ಕೂಡಿಕೊಂಡಿವೆ. ಕೊನೆಗೆ ಅವಳು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ನಿರ್ಧರಿಸುತ್ತಾಳೆ. ಸೀಮೆಯಿಲ್ಲದವಳು ಎಂಬುದು ಅವಳ ಹೆಸರಿನ ಅರ್ಥ. ಆ ಹೆಸರನ್ನು ಯಾರೂ ಬದಲಿಸಲಿಲ್ಲ, ಬದುಕಿನ ಕೊನೆಯ ಭಾಗದಲ್ಲಿ ಅವಳೇ ಅದರೊಳಗೆ ಹೋಗಿ ನೆಲೆಸಿದಳು.

ಮರಳುಹಾದಿ

ಕನ್ನಡದಲ್ಲಿ ಏನಿದೆ ಎಂದು ಒಬ್ಬರಾದರೂ ಕೇಳುವಿರೆಂದು ಕಾಯುತ್ತಿದ್ದೆ. ಮಿನ್ನೆಸೋಟಾದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಕಾದಂಬರಿಯನ್ನು ಇಲ್ಲಿ ಹೆಸರಿಸಲೇಬೇಕು. ಅಲ್ಲಿ ಭಾರತೀಯ ವೈದ್ಯರು ಕೆಲಸ ಮಾಡುವ ಆಸ್ಪತ್ರೆಗೆ ಹೆರಿಗೆಗೆಂದು ಬರುವ ನಿರಾಶ್ರಿತ ಹೆಂಗಸರು ಸಿಸೇರಿಯನ್‌ಗೆ ಒಪ್ಪುವುದಿಲ್ಲ. ಒಬ್ಬ ವಲಸಿಗ ಇನ್ನೊಬ್ಬ ವಲಸಿಗಳ ಮೈಯ ಬಗ್ಗೆ ತೀರ್ಮಾನ ಹೇಳಬೇಕಾದ ಸ್ಥಿತಿ ಅದು. ಇಂಗ್ಲಿಷಿನ ಕಥೆಗಳಲ್ಲಿ ಬಿಳಿಯರ ಎದುರಿನಲ್ಲಿ ಮಾತ್ರ ನಿಲ್ಲುವ ನಮ್ಮವರು ಇಲ್ಲಿ ಇನ್ನೊಂದು ದೇಶದ ಹೆಣ್ಣಿನ ಎದುರು ನಿಲ್ಲುತ್ತಾರೆ, ಅದೂ ಕನ್ನಡದಲ್ಲಿ ಯೋಚಿಸುತ್ತ. ಆ ಹೆಂಗಸರ ಒಳಗಿನಿಂದ ಬರೆದ ಕಥೆ ಇನ್ನೂ ಬೇಕು ಎಂಬ ಆಸೆ ನನಗಿದೆ.

ಹಿತ್ತಲ_ಮಲ್ಲಿಗೆ

ನನಗೆ ಬೇಕಾದ ಕಥೆ ಬೇರೊಂದಿದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳಿಗೆ ಸಂದರ್ಶಕರ ವೀಸಾದಲ್ಲಿ ವಿಮಾನ ಹತ್ತುವ ತಾಯಂದಿರ ಕಥೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಎಣ್ಣೆ, ಅಂಟಿನುಂಡೆ, ಮೆಣಸಿನ ಸಾರಿನ ಪುಡಿ ತುಂಬಿದ ಪೆಟ್ಟಿಗೆಗಳನ್ನು ತೂಕದ ಯಂತ್ರದ ಮೇಲಿಟ್ಟು ಆತಂಕದಿಂದ ನೋಡುವ ಅವರನ್ನು ನೀವೆಲ್ಲ ಕಂಡಿರುತ್ತೀರಿ. ನಾನು ಓದಿದ ಪುಸ್ತಕಗಳಲ್ಲಿ ಅವರು ಬಂದರೂ ಮಗು ಎತ್ತಿಕೊಂಡು ಒಂದು ಪುಟದಲ್ಲಿ ಹಾದುಹೋಗುತ್ತಾರೆ.

ನನ್ನ ಮಗ ಹುಟ್ಟಿದಾಗ ಅಮ್ಮ ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು. ದಿನವೂ ಸಂಜೆ ಒಬ್ಬರೇ ನಡೆದಾಡಲು ಹೋಗುತ್ತಿದ್ದರು; ಬೀದಿಯ ಹೆಸರು ಓದಲು ಬಾರದ್ದರಿಂದ ಮನೆಗಳ ಮುಂದಿನ ಗಿಡಗಳನ್ನು ಗುರುತಿಟ್ಟುಕೊಂಡು, ಚಳಿಗಾಲದಲ್ಲಿ ಗಿಡಗಳು ಎಲೆ ಉದುರಿಸಿದ ಮೇಲೆ ಅಂಚೆಪೆಟ್ಟಿಗೆಗಳ ಬಣ್ಣ ಗುರುತಿಟ್ಟುಕೊಂಡು, ಒಂದು ದಿನವೂ ದಾರಿ ತಪ್ಪದೆ ಮನೆಗೆ ಬಂದರು. ನಾನು ಆಗ ನನ್ನದೇ ದುಃಖದಲ್ಲಿದ್ದೆ, ಅವರ ಈ ವಿದ್ಯೆಯನ್ನು ಗಮನಿಸಲಿಲ್ಲ. ಶರಾವತಿ_ತೀರ ಅವರ ಮೊದಲ ಬರಹ ಓದಿದ ಮೇಲೆ ಊರಿಗೆ ಫೋನ್ ಮಾಡಿ ಆ ಆರು ತಿಂಗಳಲ್ಲಿ ನಿಮಗೆ ಏನು ನೆನಪಿದೆ ಎಂದು ಕೇಳಿದೆ. ಹಿಮವನ್ನೋ ಮೊಮ್ಮಗನನ್ನೋ ಹೇಳುತ್ತಾರೆಂದುಕೊಂಡಿದ್ದೆ. ಅಮ್ಮ ಹೇಳಿದ್ದು ವಿಮಾನ ಇಳಿದ ದಿನದ ಸಂಗತಿ. ಕಿಟಕಿಯ ಹಿಂದೆ ಕುಳಿತಿದ್ದ ಅಧಿಕಾರಿ ಪಾಸ್‌ಪೋರ್ಟು ತೆರೆದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಉಚ್ಚಾರ ಕೆಡಿಸಿ, ಅವರ ಹೆಸರನ್ನು ಪೂರ್ತಿಯಾಗಿ ಜೋರಾಗಿ ಓದಿದನಂತೆ. ‘ನನ್ನನ್ನು ಅತ್ತಿಗೆ ಅಂದರು, ಅಮ್ಮ ಅಂದರು, ಅಜ್ಜಿ ಅಂದರು. ಇವರಂತೂ ಇವಳೇ ಅಂದೇ ಕಾಲ ಕಳೆದರು. ಹೆಸರು ಹಿಡಿದು ಯಾರಾದರೂ ಕೂಗಿ ಎಷ್ಟು ವರ್ಷವಾಗಿತ್ತೋ. ಇದು ನನ್ನದೇ ಹೌದೋ ಅಲ್ಲವೋ ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ, ಮಗಾ. ಆಮೇಲೆ, ಹೌದು, ನಾನೇ ಅಂದೆ. ಕನ್ನಡದಲ್ಲೇ ಅಂದೆ.’